ರೇಡಿಯೇಟರಿಗೆ ಅರಿಶಿನ

ಶಿರಾಡಿ ಘಾಟಿ ಹತ್ತುವಾಗ ಅಪ್ಪ ಎರಡು ಸಲ ಹೇಳಿದರು, "ಏನೋ ವಾಸನೆ ಬರ್ತಿದೆ, ಗಾಡಿ ನಿಲ್ಸು."

ಎರಡು ಸಲವೂ ನಾನು ಡ್ಯಾಶ್‌ಬೋರ್ಡ್ ತೋರಿಸಿದೆ. "ನೋಡಿ ಅಪ್ಪ, ಮುಳ್ಳು ಕೆಳಗೇ ಇದೆ. ಹೀಟ್ ಆಗಿದ್ರೆ ಮೇಲೆ ಹೋಗ್ತಿತ್ತಲ್ವಾ?"

ಅಪ್ಪ ಸುಮ್ಮನಾದರು. ನಲವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ಮಗನ ಜೊತೆ ವಾದ ಬೇಡ ಅಂತ ಸುಮ್ಮನಾಗೋದಿದೆಯಲ್ಲ, ಆ ಥರದ ಸುಮ್ಮನೆ. ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಗ್ಲಾಸ್ ಪೂರ್ತಿ ಮಸುಕು. ಹಿಂದಿನ ಸೀಟಿನಲ್ಲಿ ಅಮ್ಮ ಮಂಜುನಾಥನನ್ನು ಕೂಗಿದರು. ನಾವು ಆಗಷ್ಟೇ ಧರ್ಮಸ್ಥಳದಿಂದ ಬೆಂಗಳೂರಿಗೆ ವಾಪಸ್ ಹೊರಟಿದ್ದೆವು. ಗುಂಡ್ಯ ದಾಟಿ ಬಹಳ ದೂರವೂ ಆಗಿರಲಿಲ್ಲ.

ಗಾಡಿ ನಮ್ಮ ಮನೆಯ 2007ರ ಮಾರುತಿ 800. ಅಪ್ಪ ಕೊಂಡದ್ದು, ನಾನು ಡ್ರೈವಿಂಗ್ ಕಲಿತದ್ದು, ಅಕ್ಕನ ಮದುವೆಗೆ ಹೂವಿನ ಹಾರ ಹಾಕಿಕೊಂಡು ಹೋದದ್ದು ಎಲ್ಲಾ ಇದೇ. "ಮಾರಿಬಿಡಿ, ಒಂದು ಸೆಕೆಂಡ್ ಹ್ಯಾಂಡ್ ಒಳ್ಳೇದು ತಗೊಳ್ಳೋಣ" ಅಂತ ನಾನು ಹೇಳುತ್ತಲೇ ಬಂದಿದ್ದೆ. ಅಪ್ಪ ಕೇಳುತ್ತಿರಲಿಲ್ಲ. ಅವತ್ತು ರಸ್ತೆ ಬದಿಯಲ್ಲಿ ನಿಂತಾಗ ನನ್ನ ತಲೆಯಲ್ಲಿ ಮೊದಲು ಬಂದದ್ದು, "ಈಗಲಾದ್ರೂ ಒಪ್ಪಿಕೊಳ್ತಾರೆ" ಅನ್ನೋದು. ಆದರೆ ತಪ್ಪು ಗಾಡಿಯದ್ದಾಗಿರಲಿಲ್ಲ ಅಂತ ಗೊತ್ತಾಗೋಕೆ ಇನ್ನೊಂದು ವಾರ ಹಿಡಿಯಿತು.

ಎರಡು ತಿಂಗಳ ಹಿಂದೆ

ಕಥೆ ಶುರುವಾದದ್ದು ಬೆಂಗಳೂರಿನ ಸಿಗ್ನಲ್‌ನಲ್ಲಿ. ಏಪ್ರಿಲ್ ಬಿಸಿಲು, ಮುಂದೆ ಬಸ್, ಹಿಂದೆ ಬಸ್. ಇಪ್ಪತ್ತು ನಿಮಿಷ ತೆವಳಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ನಿಲ್ಲಿಸಿ, ತಣ್ಣಗಾದ ಮೇಲೆ ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆ. ಸಂಜೆ ಫೋನ್ ಬಂತು: "ಆಯ್ತು ಸಾರ್, ಸಾವಿರದ ಎಂಟ್ನೂರು. ಇನ್ನು ಐದು ವರ್ಷ ಹೀಟ್ ಅನ್ನೋ ಮಾತೇ ಇಲ್ಲ."

ನಿಜಕ್ಕೂ ಮುಳ್ಳು ಆಮೇಲೆ ಮೇಲೇಳಲೇ ಇಲ್ಲ. ಸಿ ಅಕ್ಷರದ ಪಕ್ಕದಲ್ಲೇ ಮಲಗಿರುತ್ತಿತ್ತು. ನನಗೆ ಖುಷಿಯೋ ಖುಷಿ. ಮೈಲೇಜ್ ಲೀಟರಿಗೆ ಹದಿನೇಳರಿಂದ ಹದಿಮೂರಕ್ಕೆ ಇಳಿದದ್ದನ್ನು ಟ್ರಾಫಿಕ್ ಮೇಲೆ ಹಾಕಿದೆ. ಫ್ಯಾನ್ ಸದಾ ಗುಯ್ ಅನ್ನುತ್ತಿದ್ದದ್ದನ್ನು "ಚೆನ್ನಾಗಿ ಕೆಲಸ ಮಾಡ್ತಿದೆ" ಅಂದುಕೊಂಡೆ. ಮಳೆಗಾಲದಲ್ಲಿ ಹೀಟರ್ ಹಾಕಿದರೆ ಉಗುರು ಬೆಚ್ಚಗಿನ ಗಾಳಿ ಬರುತ್ತಿತ್ತು. ಅದಕ್ಕೂ ಏನೋ ಒಂದು ಸಮಾಧಾನ ಹೇಳಿಕೊಂಡೆ.

ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಕೆಟ್ಟ ರಿಪೇರಿ ಗಾಡಿಯನ್ನು ಕೂಡಲೇ ನಿಲ್ಲಿಸುವುದಿಲ್ಲ. ಅದು ಸಣ್ಣ ಸಣ್ಣ ಸೂಚನೆ ಕೊಡುತ್ತಾ ಹೋಗುತ್ತೆ. ನಾವು ಒಂದೊಂದಕ್ಕೂ ಒಂದೊಂದು ನೆಪ ಹುಡುಕುತ್ತಾ ಹೋಗುತ್ತೇವೆ.

ಬಾನೆಟ್ ಕೆಳಗೆ ಏನಾಗುತ್ತೆ?

ಇಲ್ಲಿ ಸ್ವಲ್ಪ ಪಾಠ. ಎರಡು ನಿಮಿಷ, ಅಷ್ಟೇ.

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸೋಕೆ ಸಿಗೋದು ಹೆಚ್ಚೆಂದರೆ ಮೂರನೇ ಒಂದು ಭಾಗ. ಸುಮಾರು ಅಷ್ಟೇ ಶಾಖ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತೆ. ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತೊಯ್ಯಬೇಕು. ಆ ನೀರನ್ನು ತಳ್ಳೋದು ವಾಟರ್ ಪಂಪ್. ತಣ್ಣಗೆ ಮಾಡೋದು ರೇಡಿಯೇಟರ್. ಗಾಡಿ ನಿಂತಾಗ ಗಾಳಿ ಕೊಡೋದು ಫ್ಯಾನ್.

ನಡುವೆ ಒಬ್ಬ ಬಾಗಿಲು ಕಾಯುವವನಿದ್ದಾನೆ, ಥರ್ಮೋಸ್ಟ್ಯಾಟ್. ಅದರೊಳಗೆ ಮೇಣದ ಸಣ್ಣ ಗುಳಿಗೆ ಇರುತ್ತೆ. ನೀರು ಸಾಮಾನ್ಯವಾಗಿ 82ರಿಂದ 88 ಡಿಗ್ರಿ ತಲುಪಿದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತೆ, ಆಗ ನೀರು ರೇಡಿಯೇಟರಿಗೆ ಹೋಗುತ್ತೆ. ಅಲ್ಲಿಯವರೆಗೂ ಎಂಜಿನ್ ಒಳಗೇ ಸುತ್ತುತ್ತಾ ಬೇಗ ಬಿಸಿಯಾಗಲಿ ಅನ್ನೋದು ಲೆಕ್ಕ. ಹೌದು, ಎಂಜಿನ್‌ಗೆ ಬಿಸಿ ಬೇಕು. ತಣ್ಣಗಿರುವ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತೆ, ಆಯಿಲ್ ಗಟ್ಟಿಯಾಗೇ ಇರುತ್ತೆ, ಸವೆತ ಜಾಸ್ತಿ. ಮುಳ್ಳು ಸದಾ ಸಿ ಹತ್ತಿರ ಇರೋದು ಆರೋಗ್ಯದ ಲಕ್ಷಣ ಅಲ್ಲ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದು ಅಲ್ಲೇ ಅಲುಗಾಡದೆ ನಿಂತರೆ, ಅದು ಆರೋಗ್ಯ.

ಇನ್ನು ರೇಡಿಯೇಟರ್ ಮುಚ್ಚಳ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ವೆಯ್ಟ್ ಹಾಕಿದರೆ ಒತ್ತಡ ಏರುತ್ತೆ, ನೀರು 100ರಲ್ಲಿ ಕುದಿಯದೆ 120 ಡಿಗ್ರಿ ಹತ್ತಿರ ಹೋಗುತ್ತೆ, ಬೇಳೆ ಬೇಗ ಬೇಯುತ್ತೆ. ರೇಡಿಯೇಟರ್ ಮುಚ್ಚಳವೂ ಅದೇ ಕೆಲಸ ಮಾಡುತ್ತೆ. ಸಣ್ಣ ಕಾರುಗಳ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುವುದನ್ನು ನೋಡಿರಬಹುದು. ಅದು ಒತ್ತಡದ ಅಳತೆ, ಕುಕ್ಕರ್ ವೆಯ್ಟಿನಷ್ಟೇ ಹೆಚ್ಚುಕಡಿಮೆ. ಸ್ಪ್ರಿಂಗ್ ಸಡಿಲವಾದ ಅಥವಾ ರಬ್ಬರ್ ಒಡೆದ ಮುಚ್ಚಳ ಹಾಕಿದರೆ ಒತ್ತಡ ನಿಲ್ಲಲ್ಲ. ಬೆಂಗಳೂರು, ಸಕಲೇಶಪುರ ಎರಡೂ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿವೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತೆ. ಅಂದರೆ ಕೆಟ್ಟ ಮುಚ್ಚಳದ ಗಾಡಿಗೆ ಸುಮಾರು ಇಪ್ಪತ್ತು ಡಿಗ್ರಿಯ ಅಂತರ ಕೈತಪ್ಪಿ ಹೋಗುತ್ತೆ. ಘಾಟಿ ಹತ್ತುವಾಗ ಆ ಇಪ್ಪತ್ತು ಡಿಗ್ರಿಯೇ ಜೀವ.

ಘಾಟಿಯಲ್ಲಿ ಒಂದು ಲಾರಿ

ಈಗ ರಸ್ತೆ ಬದಿಗೆ ವಾಪಸ್ ಬರೋಣ. ನಾನು ಬಾನೆಟ್ ಎತ್ತಿ, ಕರ್ಚೀಫ್ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ನಿಂತ ಲಾರಿಯಿಂದ ಒಂದು ಕೂಗು: "ಏಯ್, ಮುಟ್ಬೇಡಿ ಸಾರ್! ಮುಖ ಹೋಗುತ್ತೆ!"

ಡ್ರೈವರ್ ಇಳಿದು ಬಂದು ನನ್ನನ್ನು ಹೆಚ್ಚುಕಡಿಮೆ ಎಳೆದೇ ಪಕ್ಕಕ್ಕೆ ನಿಲ್ಲಿಸಿದರು. ಒತ್ತಡದಲ್ಲಿರುವ ಬಿಸಿನೀರಿಗೆ ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿಯುತ್ತೆ, ಕುದಿಯುವ ಬಿಂದು ಇಳಿಯುತ್ತೆ, ನೀರು ಒಮ್ಮೆಲೇ ಹಬೆಯಾಗುತ್ತೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಆ ಜಾಗವನ್ನು ಅದು ನಿಮ್ಮ ಮುಖದ ಕಡೆ ಹುಡುಕಿಕೊಳ್ಳುತ್ತೆ. ಈ ಅಂಕಣದಲ್ಲಿ ಬೇರೇನೂ ನೆನಪಿರದಿದ್ದರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬೇಡಿ. ಮೇಲಿನ ಹೋಸ್ ಕೈಯಲ್ಲಿ ಹಿಡಿದು ಅಮುಕುವಷ್ಟು ತಣ್ಣಗಾಗಬೇಕು. ಅರ್ಧ ಗಂಟೆಯಾದರೂ ಸರಿ, ಮುಕ್ಕಾಲು ಗಂಟೆಯಾದರೂ ಸರಿ.

ಮುಕ್ಕಾಲು ಗಂಟೆ ಕಾದೆವು. ಮುಚ್ಚಳ ತೆಗೆದರೆ ಒಳಗೆ ನೀರೇ ಕಾಣಲಿಲ್ಲ. ಹಾಗಾದರೆ ಮುಳ್ಳು ಯಾಕೆ ಕೆಳಗಿತ್ತು? ಡ್ರೈವರ್ ನಕ್ಕರು. "ಸೆನ್ಸರಿಗೆ ನೀರು ಮುಟ್ಟಿದ್ರೆ ತಾನೆ ಸಾರ್ ಅದು ಹೇಳೋದು? ನೀರೇ ಇಲ್ದಿದ್ರೆ ಅದೇನ್ ಹೇಳುತ್ತೆ?"

ಎಷ್ಟು ಸರಳ. ಸೆನ್ಸರ್ ಅಳೆಯೋದು ತನ್ನನ್ನು ಮುಳುಗಿಸಿರುವ ನೀರಿನ ಬಿಸಿಯನ್ನು. ನೀರಿನ ಮಟ್ಟ ಅದಕ್ಕಿಂತ ಕೆಳಗಿಳಿದರೆ ಮುಳ್ಳು ಸುಳ್ಳು ಹೇಳಬಹುದು. ಅಪ್ಪನ ಮೂಗು ಸರಿಯಾಗಿತ್ತು, ನನ್ನ ಮುಳ್ಳು ತಪ್ಪಾಗಿತ್ತು. ನಾನು ಅಪ್ಪನ ಕಡೆ ನೋಡಲಿಲ್ಲ. ಅವರೂ ಏನೂ ಹೇಳಲಿಲ್ಲ.

ಡ್ರೈವರ್ ತಮ್ಮ ಕ್ಯಾನಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದರು. ಬಿಸಿ ಎಂಜಿನ್‌ಗೆ ತಣ್ಣೀರು ಒಂದೇ ಸಲ ಸುರಿದರೆ ಲೋಹ ಬಿರುಕು ಬಿಡಬಹುದು. ನೀರು ಹಾಕುತ್ತಿದ್ದಂತೆ ರೇಡಿಯೇಟರಿನ ಕೆಳಗಿನ ಮೂಲೆಯಿಂದ ತೊಟ್ಟಿಕ್ಕತೊಡಗಿತು. ಅಲ್ಲಿ ಬೂದು ಬಣ್ಣದ ಎಪಾಕ್ಸಿ ಮುದ್ದೆಯೊಂದು ಅಂಟಿಸಿ, ಈಗ ಅರ್ಧ ಎದ್ದು ಬಂದಿತ್ತು.

"ಅಮ್ಮ, ಅರಿಶಿನ ಇದೆಯಾ?"

ಅಮ್ಮನ ಚೀಲದಲ್ಲಿ ಉಜಿರೆಯ ಚಿಕ್ಕಮ್ಮ ಮನೆಯಲ್ಲೇ ಪುಡಿ ಮಾಡಿ ಕೊಟ್ಟ ಅರ್ಧ ಕೆಜಿ ಅರಿಶಿನ ಇತ್ತು. ಎರಡು ಚಮಚದಷ್ಟು ರೇಡಿಯೇಟರ್ ಬಾಯಿಗೆ ಬಿತ್ತು. ನೀರಿನಲ್ಲಿ ಉಬ್ಬಿದ ಪುಡಿ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತೆ. ಲಾರಿಯವರ ಹಳೇ ಉಪಾಯವಂತೆ. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಕ್ಕೋದು ಕಡಿಮೆಯಾಯಿತು. "ಹೀಟರ್ ಫುಲ್ ಹಾಕಿ, ಏಸಿ ಆಫ್ ಮಾಡಿ, ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಹೋಗಿ. ಊರು ಮುಟ್ಟಿದ ಮೇಲೆ ರೇಡಿಯೇಟರ್ ಬಿಚ್ಚಿಸಿ, ಇದು ಔಷಧಿ ಅಲ್ಲ" ಅಂದರು. ದುಡ್ಡು ಕೊಡಲು ಹೋದರೆ ಬೈದರು. ಹೀಟರ್ ಯಾಕೆ ಗೊತ್ತಾ? ಅದರೊಳಗೂ ಒಂದು ಪುಟ್ಟ ರೇಡಿಯೇಟರ್ ಇದೆ. ನಮಗೆ ಸೆಕೆ, ಎಂಜಿನ್‌ಗೆ ತಂಪು.

ಸಕಲೇಶಪುರದಲ್ಲಿ ಅಮ್ಮನನ್ನು ಬಸ್ ಹತ್ತಿಸಿದೆವು. ಅಪ್ಪನಿಗೂ ಹೋಗಿ ಅಂದೆ. "ಗಾಡಿ ಬಿಟ್ಟು ಹೋಗಲ್ಲ" ಅಂದರು. ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, ತಣ್ಣಗಾಗಿಸಿ, ನೀರು ನೋಡಿ, ರಾತ್ರಿ ಹನ್ನೊಂದೂವರೆಗೆ ಮನೆ ಸೇರಿದೆವು.

ಏನನ್ನೂ ಬಿಚ್ಚದ ಮೇಸ್ತ್ರಿ

ಮರುದಿನ ಅಪ್ಪ ತಮ್ಮ ಹಳೆಯ ಪರಿಚಯದ ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ಶೆಡ್, ಒಬ್ಬ ಹುಡುಗ, ಗೋಡೆ ತುಂಬಾ ಸ್ಪ್ಯಾನರ್. ಮೊದಲ ಇಪ್ಪತ್ತು ನಿಮಿಷ ಅವರು ಗಾಡಿ ಮುಟ್ಟಲೇ ಇಲ್ಲ. ಪ್ರಶ್ನೆ ಕೇಳಿದರು.

"ಮೊದಲನೇ ಸಲ ಹೀಟ್ ಆದದ್ದು ಎಲ್ಲಿ, ಟ್ರಾಫಿಕ್ಕಲ್ಲೋ ಹೈವೇಲೋ?"

"ಟ್ರಾಫಿಕ್ಕಲ್ಲಿ. ಹೈವೇಲಿ ಏನೂ ಆಗ್ತಿರಲಿಲ್ಲ."

"ಹಾಗಾದ್ರೆ ಆಗ ಹೋಗಿದ್ದು ಫ್ಯಾನು."

ಇದು ನಾನು ಕಲಿತ ಅತಿ ಉಪಯುಕ್ತ ಪಾಠ. ಗಾಡಿ ನಿಂತಾಗ ಬಿಸಿಯಾಗಿ, ಓಡುವಾಗ ಸರಿಹೋದರೆ ಮೊದಲು ಫ್ಯಾನ್ ಮೇಲೆ ಅನುಮಾನ ಪಡಿ. ಓಡುವಾಗ ತಾನಾಗೇ ಗಾಳಿ ಸಿಗುತ್ತೆ, ಫ್ಯಾನ್ ಬೇಕಿಲ್ಲ. ಅದೇ ವೇಗದಲ್ಲಿ, ಏರುದಾರಿಯಲ್ಲಿ ಬಿಸಿಯಾದರೆ ನೀರು ಕಡಿಮೆಯಾಗಿದೆ, ರೇಡಿಯೇಟರ್ ಕಟ್ಟಿದೆ, ಪಂಪ್ ಸೋತಿದೆ ಅಥವಾ ಥರ್ಮೋಸ್ಟ್ಯಾಟ್ ಮುಚ್ಚಿಕೊಂಡೇ ಕೂತಿದೆ.

ಆಮೇಲೆ ಅವರು ಒಂದೊಂದಾಗಿ ತೋರಿಸಿದರು. ಫ್ಯಾನಿನ ರಿಲೇ ಸುಟ್ಟಿತ್ತು. ಅದನ್ನು ಬದಲಿಸುವ ಬದಲು ಬ್ಯಾಟರಿಯಿಂದ ನೇರವಾಗಿ ಒಂದು ವೈರ್ ಎಳೆದು ಸ್ವಿಚ್ಚಿನ ಜೊತೆಗೇ ಫ್ಯಾನ್ ತಿರುಗುವಂತೆ ಮಾಡಿದ್ದರು. ನಡುವೆ ಫ್ಯೂಸ್ ಇಲ್ಲ. "ಈ ವೈರ್ ಎಲ್ಲಾದ್ರೂ ಉಜ್ಜಿ ಶಾರ್ಟ್ ಆಗಿದ್ರೆ ಹೀಟ್ ಅಲ್ಲ, ಬೆಂಕಿ" ಅಂದರು. ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಡಿದ್ದರು. "ನಮ್ಮ ಬಿಸಿಲಿಗೆ ಇದು ಬೇಡ" ಅನ್ನೋದು ಎಷ್ಟೋ ಗ್ಯಾರೇಜ್‌ಗಳಲ್ಲಿ ಇವತ್ತಿಗೂ ಕೇಳುವ ಮಾತು. ಮುಳ್ಳು ಸಿ ಹತ್ತಿರ ಮಲಗಿದ್ದಕ್ಕೆ, ಮೈಲೇಜ್ ಬಿದ್ದದ್ದಕ್ಕೆ, ಹೀಟರ್ ಬೆಚ್ಚಗಾಗದಿದ್ದಕ್ಕೆ ಇದೇ ಕಾರಣ. ರೇಡಿಯೇಟರ್ ಸೋರಿಕೆಗೆ ಎಪಾಕ್ಸಿ. ಕೂಲಂಟ್ ಬದಲು ಬೋರ್‌ವೆಲ್ ನೀರು. ಮುಚ್ಚಳದ ರಬ್ಬರ್ ಒಡೆದಿದ್ದರೂ ಅದೇ ಮುಚ್ಚಳ.

ಒಂದೊಂದೂ ಬಿಡಿಯಾಗಿ ನೋಡಿದರೆ "ಅಡ್ಜಸ್ಟ್ ಮಾಡಿದೀವಿ ಸಾರ್" ಅನ್ನುವಂಥದ್ದು. ಐದೂ ಸೇರಿದಾಗ ನಗರದಲ್ಲಿ ಎರಡು ತಿಂಗಳು ಬಚಾವಾಗಿ, ಘಾಟಿಯಲ್ಲಿ ಕೈಕೊಟ್ಟಿತು. ನೀರು ಹನಿಹನಿಯಾಗಿ ಹೋಗಿದೆ, ಒತ್ತಡ ನಿಂತಿಲ್ಲ, ಇದ್ದ ನೀರು ಕುದಿದು ಹಬೆಯಾಗಿದೆ.

ನೀಲಿ ನೀಲಿಯಾಗೇ ಉಳಿಯಲಿ

ಈಗ ನಿಜವಾದ ಭಯ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಈ ಎಂಜಿನ್ನಿನ ಮೇಲ್ಭಾಗದ ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಬೀಡುಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತೆ. ಅತಿ ಬಿಸಿಯಾದರೆ ಹೆಡ್ ಸೊಟ್ಟಗಾಗುತ್ತೆ, ನಡುವಿನ ಗ್ಯಾಸ್ಕೆಟ್ ಸುಡುತ್ತೆ. ಆಗ ಹೆಡ್ ಇಳಿಸಬೇಕು, ಮೆಷಿನ್ ಶಾಪಿಗೆ ಕಳಿಸಬೇಕು, ಖರ್ಚು ಗಾಡಿಯ ಬೆಲೆಯ ಹತ್ತಿರ ಹೋಗುತ್ತೆ. "ಹಾಗಾದ್ರೆ ಸ್ಕ್ರ್ಯಾಪಿಗೆ ಕೊಡೋಣ" ಅಂತ ಅಪ್ಪನೇ ಅಂದರು. ನನ್ನ ಕಡೆ ನೋಡದೆ ಅಂದರು. ಎಷ್ಟೋ ವರ್ಷದಿಂದ ನಾನು ಕೇಳಬೇಕು ಅಂದುಕೊಂಡಿದ್ದ ಮಾತು ಅದು. ಕೇಳಿದಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಅವರು ಎರಡು ಸಲ "ನಿಲ್ಸು" ಅಂದಾಗ ನಿಲ್ಲಿಸಿದ್ದರೆ ಈ ಪರೀಕ್ಷೆಯೇ ಬೇಕಿರಲಿಲ್ಲ.

ಮೇಸ್ತ್ರಿ ಆಯಿಲ್ ಮುಚ್ಚಳ ತೆರೆದು ನೋಡಿದರು. ಒಳಗೆ ಹಾಲು ಹಾಕಿದ ಕಾಫಿಯಂಥ ಕೆನೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ ಅಂತ. ಇರಲಿಲ್ಲ. ರೇಡಿಯೇಟರ್ ಬಾಯಿಯ ಮೇಲೆ ನೀಲಿ ದ್ರವ ತುಂಬಿದ ಗಾಜಿನ ನಳಿಕೆ ಇಟ್ಟು ಎಂಜಿನ್ ಚಾಲೂ ಮಾಡಿದರು. ಗ್ಯಾಸ್ಕೆಟ್ ಹೋಗಿದ್ದರೆ ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ನೀರಿಗೆ ಬಂದು ದ್ರವವನ್ನು ಹಳದಿ ಮಾಡುತ್ತೆ. ನಾವಿಬ್ಬರೂ ಆ ನಳಿಕೆಯನ್ನೇ ನೋಡುತ್ತಾ ನಿಂತೆವು. ಪರೀಕ್ಷೆಯ ರಿಸಲ್ಟ್ ಬೋರ್ಡ್ ಮುಂದೆ ನಿಂತ ಹಾಗೆ.

ನೀಲಿ ನೀಲಿಯಾಗೇ ಉಳಿಯಿತು.

"ಬಚಾವ್" ಅಂದರು ಮೇಸ್ತ್ರಿ. ಅಪ್ಪ ಹೊರಗೆ ಹೋಗಿ ಮೂರು ಟೀ ಹೇಳಿ ಬಂದರು.

ಸರಿಯಾಗಿ ಮಾಡೋದು ಅಂದ್ರೆ

ಕೈಪಂಪಿನಿಂದ ಒತ್ತಡ ಕೊಟ್ಟು ಎಲ್ಲೆಲ್ಲಿ ಸೋರುತ್ತೆ ನೋಡಿದರು. ರೇಡಿಯೇಟರ್ ಮೂಲೆ ಮತ್ತು ಕೆಳಗಿನ ಹೋಸಿನ ಕ್ಲ್ಯಾಂಪ್. ವಾಟರ್ ಪಂಪ್ ಒಣಗಿತ್ತು, ಅದನ್ನು ಮುಟ್ಟಲಿಲ್ಲ. ನೀರು ಇಳಿಸಿದರೆ ಮೊದಲು ಬಂದದ್ದು ತುಕ್ಕಿನ ಕಂದು, ಆಮೇಲೆ ನಮ್ಮ ಚಿಕ್ಕಮ್ಮನ ಅರಿಶಿನ. ಸ್ವಚ್ಛ ನೀರು ಬರುವವರೆಗೂ ತೊಳೆದರು. ರೇಡಿಯೇಟರ್ ಒಳಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿತ್ತು. ಗೀಸರ್ ಕಾಯಿಲ್ ಮೇಲೆ ಕಟ್ಟುವಂಥದ್ದೇ. ರಿಪೇರಿ ಬೇಡ, ಹೊಸದೇ ಹಾಕೋಣ ಅಂದರು.

ಮಾರುತಿ 800ರ ಮೊದಲ ಕೀಲಿಯನ್ನು ಇಂದಿರಾ ಗಾಂಧಿ ಗ್ರಾಹಕರೊಬ್ಬರಿಗೆ ಕೊಟ್ಟದ್ದು 1983ರ ಡಿಸೆಂಬರ್ 14ರಂದು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಆದರೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನನಗೆ ಬೇಕಾದ ಸಾಮಾನೆಲ್ಲ ಒಂದೇ ಬೆಳಿಗ್ಗೆ ಸಿಕ್ಕಿತು. ಬಿಲ್ ಹೀಗಿತ್ತು: ರೇಡಿಯೇಟರ್ 3,100, ಥರ್ಮೋಸ್ಟ್ಯಾಟ್ ಮತ್ತು ಗ್ಯಾಸ್ಕೆಟ್ 380, ಮುಚ್ಚಳ 160, ಎರಡು ಹೋಸ್ ಮತ್ತು ಕ್ಲ್ಯಾಂಪ್ 520, ಫ್ಯಾನ್ ರಿಲೇ ಮತ್ತು ವೈರಿಂಗ್ 450, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು 540, ಕೂಲಿ 1,850. ಒಟ್ಟು ಏಳು ಸಾವಿರ.

"ಬೆಂಗಳೂರಲ್ಲಿ ಹಿಮ ಬೀಳುತ್ತಾ, ಕೂಲಂಟ್ ಯಾಕೆ?" ಅಂತ ನಾನು ಕೇಳಿದೆ. ಹೆಪ್ಪುಗಟ್ಟದಂತೆ ತಡೆಯೋದು ಅದರ ಒಂದು ಕೆಲಸ ಮಾತ್ರ. ತುಕ್ಕು ತಡೆಯೋದು, ಸುಣ್ಣ ಕಟ್ಟದಂತೆ ನೋಡಿಕೊಳ್ಳೋದು, ಕುದಿಯುವ ಬಿಂದುವನ್ನು ಇನ್ನೂ ಏಳೆಂಟು ಡಿಗ್ರಿ ಏರಿಸೋದು ಕೂಡ ಅದೇ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು. ಬಣ್ಣ ಒಂದೇ ಇದೆ ಅಂತ ಬೇರೆ ಬೇರೆ ಬಗೆಯದ್ದನ್ನು ಬೆರೆಸಬೇಡಿ, ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಇನ್ನೊಂದು ಮಾತು: ಕೂಲಂಟ್ ಸಿಹಿಯಾಗಿರುತ್ತೆ, ಮತ್ತು ವಿಷ. ಮಕ್ಕಳು, ನಾಯಿ ಮುಟ್ಟದ ಕಡೆ ಇಡಿ. ಇಳಿಸಿದ್ದನ್ನು ರಸ್ತೆಗೆ ಸುರಿಯಬೇಡಿ.

ಕೊನೆಯ ಕೆಲಸ ಗಾಳಿ ತೆಗೆಯೋದು. ಅವಸರದ ಗ್ಯಾರೇಜ್‌ಗಳು ಬಿಟ್ಟುಬಿಡೋದು ಇದನ್ನೇ. ಗಾಡಿಯ ಮೂತಿ ಎತ್ತರಕ್ಕೆ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರ್ ಫುಲ್ ಹಾಕಿ, ಎಂಜಿನ್ ಸುಮ್ಮನೆ ಓಡಲು ಬಿಟ್ಟರು. ಗುಳುಗುಳು ಅಂತ ಗುಳ್ಳೆ ಬಂದವು. ಸ್ವಲ್ಪ ಹೊತ್ತಿಗೆ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಯಿತು. ಥರ್ಮೋಸ್ಟ್ಯಾಟ್ ತೆರೆದ ಗುರುತು. ಮಟ್ಟ ಇಳಿದಂತೆಲ್ಲಾ ತುಂಬಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿದರು. ಫ್ಯಾನ್ ತಾನಾಗೇ ಆನ್ ಆಗಿ, ತಾನಾಗೇ ಆಫ್ ಆಯಿತು. ಇನ್ನೊಂದು ಸಲ ಆಗುವವರೆಗೂ ಕಾದರು. "ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಮಟ್ಟ ನೋಡಿ. ಸ್ವಲ್ಪ ಇಳಿದಿರುತ್ತೆ, ತುಂಬಿಸಿ. ವಾರ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿದಿದ್ರೆ ನನ್ ಹತ್ರ ಬನ್ನಿ."

ಜಗಳ ಆಡೋಕೆ ಹೋದೆ

ಹಳೆಯ ಗ್ಯಾರೇಜಿಗೆ ಹೋದೆ. ಆ ಫ್ಯೂಸ್ ಇಲ್ಲದ ವೈರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ. ಅವರ ಕೆಲಸ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಹೇಳಿದೆ. ಅವರು ವೈರ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಸಾರ್, ನೀವೇ ಹೇಳಿದ್ರಿ. ಎರಡು ಸಾವಿರದೊಳಗೆ ಮುಗಿಸಿ, ಸಂಜೆ ಗಾಡಿ ಬೇಕು, ಹಳೇ ಗಾಡಿ, ಹೆಂಗೋ ಓಡಿದ್ರೆ ಸಾಕು ಅಂತ."

ಹೇಳಿದ್ದೆ. ಆಫೀಸಿನ ಕಾಲ್‌ನ ನಡುವೆ ಮ್ಯೂಟ್ ಮಾಡಿಕೊಂಡು ಹೇಳಿದ್ದೆ.

ಐನೂರು ರೂಪಾಯಿ ವಾಪಸ್ ಕೊಡಲು ಬಂದರು. ತೆಗೆದುಕೊಂಡೆ, ಯಾಕೆಂದರೆ ಫ್ಯೂಸ್ ಇಲ್ಲದ ವೈರ್ ಯಾವ ಬಜೆಟ್ಟಿನಲ್ಲೂ ಸರಿ ಅಲ್ಲ. ಅವರು ಕೊಡದಿದ್ದರೆ ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ಅಂತ ನನಗೆ ಗೊತ್ತಿತ್ತು. ಆದರೆ ದೂರಿಗೆ ಬೇಕಾದ ಬಿಲ್ಲೇ ನನ್ನ ಹತ್ತಿರ ಇರಲಿಲ್ಲ. ಯುಪಿಐ ಮಾಡಿ ಬಂದಿದ್ದೆ, ಅಷ್ಟೇ.

ಹಾಗಾಗಿ ಈಗ ಗ್ಯಾರೇಜಿಗೆ ಗಾಡಿ ಬಿಡುವಾಗ ನಾನು ಇಷ್ಟು ಮಾಡುತ್ತೇನೆ. ನೀವೂ ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

• "ಸರಿಮಾಡಿ" ಅನ್ನುವ ಬದಲು "ಯಾಕೆ ಹೀಗಾಯ್ತು?" ಅಂತ ಕೇಳೋದು. ಕಾರಣ ಹೇಳದೆ ಮಾಡುವ ರಿಪೇರಿ ಅರ್ಧ ಜೂಜು.

• ಬಿಡುವ ಮುಂಚೆ ಬಾನೆಟ್ ತೆರೆದು ನಾಲ್ಕು ಫೋಟೋ, ವಾಪಸ್ ತಗೊಂಡಾಗ ನಾಲ್ಕು ಫೋಟೋ. ಹೊಸ ವೈರ್, ಹೊಸ ಅಂಟು ತಕ್ಷಣ ಕಾಣುತ್ತೆ.

• ತೆಗೆದ ಹಳೇ ಸಾಮಾನು ವಾಪಸ್ ಕೇಳೋದು. ಥರ್ಮೋಸ್ಟ್ಯಾಟ್ ಕೈಗೆ ಬಂದರೆ, "ಹೊಸದು ಎಲ್ಲಿ ಹಾಕಿದ್ರಿ?" ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

• ಬಿಲ್. ಕೈಬರಹದ್ದಾದರೂ ಸರಿ, ಏನೇನು ಬದಲಿಸಿದರು ಅಂತ ಬರೆದಿರಬೇಕು.

• ರಿಪೇರಿ ಆದ ಮೇಲೆ ಒಂದು ವಾರ ಬೆಳಿಗ್ಗೆ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡೋದು. ದೂರದ ಪ್ರಯಾಣ ಆ ವಾರ ಕಳೆದ ಮೇಲೆ.

ಹೋದ ತಿಂಗಳು ಮತ್ತೆ ಧರ್ಮಸ್ಥಳಕ್ಕೆ ಹೋಗಿದ್ದೆವು. ಅಮ್ಮನ ಹರಕೆ ಇತ್ತು, ಗಾಡಿ ಸುರಕ್ಷಿತವಾಗಿ ಮನೆ ಸೇರಿದ್ದಕ್ಕೆ. ವಾಪಸ್ ಬರುವಾಗ ಶಿರಾಡಿಯಲ್ಲಿ ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಂತಿತ್ತು, ಅಲುಗಾಡಲಿಲ್ಲ. ಹಿಂದಿನ ಸಲ ನಿಂತಿದ್ದ ತಿರುವು ಬಂದಾಗ ಅಪ್ಪ ಕಿಟಕಿ ಇಳಿಸಿ ಗಾಳಿ ಮೂಸಿ ನೋಡಿದರು.

"ಏನಾದ್ರೂ ವಾಸನೆ ಬರ್ತಿದೆಯಾ ಅಪ್ಪ? ನಿಲ್ಲಿಸ್ಲಾ?" ಅಂತ ಕೇಳಿದೆ.

"ಇಲ್ಲ. ಮಳೆ ವಾಸನೆ. ಹೋಗು" ಅಂದರು.

ಡಿಕ್ಕಿಯಲ್ಲಿ ಈಗ ಐದು ಲೀಟರ್ ನೀರಿನ ಕ್ಯಾನ್ ಇದೆ. ಅರಿಶಿನದ ಪೊಟ್ಟಣ ಅಡುಗೆಮನೆಯಲ್ಲಿದೆ.